ರೂವಿಯ ಕ್ಯಾಸೆಟ್ ಅಂಗಡಿಯಲ್ಲಿ ಪಂಕ್ ಪರಂಪರೆ

ನಾನು ದೇವರಿಗೆ ಹೆದರುವ ಮನುಷ್ಯ. ಅಷ್ಟು ಸಾಲದೆಂದೋ ಏನೋ, ಹೆದರಲು ಬೇರೆ ಜನರನ್ನೂ ಆತ ಆಗಾಗ ನನ್ನಲ್ಲಿಗೆ ಕಳುಹಿಸುತ್ತಲೇ ಇರುತ್ತಾನೆ. ಎಂಬತ್ತರ ದಶಕದಲ್ಲಿ ಮಸ್ಕತ್ತಿನ ರೂವಿಯಲ್ಲಿ ಒಂದು ಕ್ಯಾಸೆಟ್ ಅಂಗಡಿಯಲ್ಲಿದ್ದೆ. ಗಿರಾಕಿಗಳು ತಂದ ಹಾಡುಗಳನ್ನು ಖಾಲಿ ಕ್ಯಾಸೆಟ್ಟಿಗೆ ಇಳಿಸಿಕೊಡುವುದು ನನ್ನ ಕೆಲಸ. ಹೆಂಡತಿಯೂ ಕೂಸೂ ಉಡುಪಿಯಿಂದ ರೂವಿ ಪಕ್ಕದ ದಾರ್ಸೈಟಿನ ಬಾಡಿಗೆ ಮನೆಗೆ ಬಂದು ಇನ್ನೂ ಒಂದು ಕೃಷ್ಣಾಷ್ಟಮಿಯನ್ನೂ ಕಂಡಿರಲಿಲ್ಲ. ಕೆಲಸ ಹೋದರೆ ವೀಸಾ ಖಲಾಸ್, ಮೂವರೂ ವಿಮಾನ ಹತ್ತಬೇಕು. ಆ ದಿನಗಳಲ್ಲಿ ಅಂಗಡಿಯ ಬಾಗಿಲು ಕಿರುಗುಟ್ಟಿದರೂ ನನಗೆ ಎದೆ ಧಸಕ್ಕೆನ್ನುತ್ತಿತ್ತು.

ತೊಳೆದದ್ದೇ ತಪ್ಪು

ಬಿಳಿಯರೇ ಹೆಚ್ಚಾಗಿದ್ದ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಕಡೆಯಿಂದ ಒಬ್ಬ ಬಿಳಿಯ ಮಾಸ್ತರರು ಬರುತ್ತಿದ್ದರು. ಒಮ್ಮೆ ಅಮೆರಿಕದ ಯಾವುದೋ ಹಳೆಯ ರಾಕ್ ಬ್ಯಾಂಡಿನ ಟೇಪು ಕೊಟ್ಟು, ನಕಲು ಬೇಕು ಎಂದರು. ಹಾಕಿದೆ. ತಗಡಿನ ಡಬ್ಬಿಯೊಳಗೆ ಯಾರನ್ನೋ ಕೂಡಿಹಾಕಿ ಹೊರಗಿನಿಂದ ಬಡಿಯುತ್ತಿರುವ ಹಾಗೆ ಕೇಳಿತು. ಮೆಷಿನ್ ಕೆಟ್ಟಿತು, ಮಾಲೀಕರಿಗೆ ಏನು ಹೇಳಲಿ ಎಂದುಕೊಂಡೆ. ಬಿಚ್ಚಿ, ಸ್ಪಿರಿಟ್ ಹಾಕಿ ಒರೆಸಿದೆ. ಮತ್ತೆ ಅದೇ ಸದ್ದು. ಕಡೆಗೆ ಕಿರಿಚಾಟವನ್ನು ತಗ್ಗಿಸಿ, ಗುಂಡಿಗಳನ್ನೆಲ್ಲ ತಿರುಗಿಸಿ, ಸಭ್ಯರು ಕೇಳುವ ಹಾಗೆ ಮಾಡಿ ಕೊಟ್ಟೆ.

ಮಾಸ್ತರರು ಮರುದಿನವೇ ಬಂದರು. ಆ ಹುಡುಗರು ಕೈಗೆ ಸಿಕ್ಕಿದ ಒಂದು ಮೈಕಿನ ಎದುರು ನಿಂತು ಒಂದೇ ಉಸಿರಿಗೆ ಹಾಡಿದ್ದಂತೆ, ಆ ಒರಟುತನವೇ ಅದರ ಜೀವವಂತೆ. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿಕೊಂಡರು:

"ನೀವು ತೆಗೆದ ಕೊಳೆಯನ್ನು ದಯವಿಟ್ಟು ವಾಪಸು ಹಾಕಿಕೊಡಿ."

ಭಕ್ತನ ಕಿವಿ

ಅಷ್ಟರಲ್ಲಿ, ಸರಕಾರದ ಕಡೆಯಿಂದ ಯಾರೋ ಅಂಗಡಿಗಳ ಕ್ಯಾಸೆಟ್ ತಪಾಸಣೆ ಮಾಡುತ್ತಿದ್ದಾರೆ ಎಂಬ ಸುದ್ದಿ ಬಂತು. ಕೆಟ್ಟ ಮಾತು ಸಿಕ್ಕಿದರೆ ಅಂಗಡಿಗೆ ಬೀಗ. ನಮ್ಮ ಒಮಾನಿ ಮಾಲೀಕರು, ಅಂದರೆ ನನ್ನ ವೀಸಾ ಕೈಯಲ್ಲಿದ್ದ ಕಫೀಲ್, ನಾನು ಅರ್ಬಾಬ್ ಎಂದು ಕರೆಯುತ್ತಿದ್ದವರು, ನನ್ನ ಹಣೆಯ ನಾಮವನ್ನು ನೋಡಿ ಸಮಾಧಾನಪಟ್ಟರು. ನೀನು ದೇವರಿಗೆ ಹೆದರುವವ, ಎಲ್ಲವನ್ನೂ ನೀನೇ ಕೇಳಿ ಹೇಳು ಎಂದರು.

ಕಿವಿಗೆ ಹೆಡ್‌ಫೋನ್, ಬಾಯಲ್ಲಿ ಕೃಷ್ಣ ಕೃಷ್ಣ. ಆ ಬ್ಯಾಂಡಿನವನು ಅರಚುವುದರಲ್ಲಿ ಒಂದಕ್ಷರ ತಿಳಿಯಲಿಲ್ಲ. ಮಾಸ್ತರರನ್ನು ಕೇಳಿದರೆ, ತಮಗೂ ಅರ್ಧ ತಿಳಿಯದು, ಹುಡುಗಿ ಬಿಟ್ಟುಹೋದ ಸಂಕಟ ಇರಬೇಕು ಎಂದರು. ಅದನ್ನೇ ಮಾಲೀಕರಿಗೆ ವರದಿ ಮಾಡಿದೆ.

"ಹುಡುಗಿ ಹೋದಳೆಂದು ಇಷ್ಟು ಗಲಾಟೆಯೇ?"

"ಇಲ್ಲ ಅರ್ಬಾಬ್, ಇಷ್ಟು ಗಲಾಟೆ ಮಾಡಿದ್ದಕ್ಕೇ ಹೋಗಿರಬೇಕು."

ಗುರುಶಿಷ್ಯರು

ಮುಂದಿನ ಸಲ ಮಾಸ್ತರರು ಪಂಕ್ ಎಂಬ ಜಾತಿಯ ಸಂಗೀತದ ಟೇಪು ತಂದರು. ಮುಖಚಿತ್ರದಲ್ಲಿ ಒಬ್ಬ ಕಿವಿಗೆ ಬಟ್ಟೆಪಿನ್ನು ಚುಚ್ಚಿಕೊಂಡಿದ್ದ. ನಾನು ಹೆದರಿ ಅದನ್ನು ಭಕ್ತಿಗೀತೆಗಳ ರಾಶಿಯ ಕೆಳಗೆ ತುರುಕಿದೆ. ಹೊರತೆಗೆಯುವಾಗ, ಇಂಥದ್ದನ್ನು ದೇವರ ಹಾಡುಗಳ ಕೆಳಗೆ ಇಟ್ಟಿದ್ದೆನಲ್ಲ ಎಂದು ನೆನಪಾಗಿ ರಾಶಿಗೆ ಕೈಮುಗಿದೆ.

ಹಾಕಿ ಕೇಳಿದರೆ ಅದೇ ಡಬ್ಬಿ, ಅದೇ ಬಡಿತ. ಬಡಿಯುವವರಿಗೆ ಮಾತ್ರ ಬಸ್ಸು ತಪ್ಪುವ ಅವಸರ. ಮಾಸ್ತರರ ಕಣ್ಣು ಹೊಳೆಯಿತು. ಈ ಹುಡುಗರು ಆ ಹಳೆಯ ಬ್ಯಾಂಡನ್ನು ಕೇಳಿಯೇ ಬೆಳೆದವರಂತೆ. ಗಿಟಾರಿನಲ್ಲಿ ಮೂರು ಕಡೆ ಬೆರಳಿಡಲು ಬಂದರೆ ಸಾಕು, ವಿದ್ಯೆ ಬೇಡ, ಎದೆಯಲ್ಲಿದ್ದದ್ದು ಹೊರಗೆ ಬಂದರಾಯಿತು ಎಂಬ ಧೈರ್ಯ ಇವರಿಗೆ ಬಂದದ್ದೇ ಅಲ್ಲಿಂದ. ನನಗೆ ಗೌರವ ಬಂತು. ಶ್ರುತಿ ಇಲ್ಲದವನೂ ಎದೆತುಂಬಿ ಹಾಡಬಹುದೆಂದು ನಮ್ಮ ಭಜನೆಯಲ್ಲೂ ಹೇಳುವುದುಂಟಲ್ಲ.

"ಗುರುಗಳು ಈಗೆಲ್ಲಿದ್ದಾರೆ?" ಎಂದೆ.

"ಜಗಳವಾಗಿ ಬೇರೆಯಾದರು."

"ಶಿಷ್ಯರು?"

"ಅವರೂ."

"ಹಾಗಾದರೆ ಪರಂಪರೆ ಸರಿಯಾಗಿಯೇ ಬಂದಿದೆ ಬಿಡಿ" ಎಂದೆ.

ತಪಾಸಣೆ

ಕಡೆಗೊಂದು ದಿನ ಆ ತಪಾಸಣೆಯವರು ಬಂದೇ ಬಂದರು. ಬಿಳಿ ದಿಶ್ದಾಶಾ ನಿಲುವಂಗಿ, ಮೆಲುದನಿ, ಚೆಂದದ ಹಿಂದಿ. ಮೆಲುದನಿಯವರೆಂದರೆ ನನಗೆ ಇನ್ನೂ ಹೆದರಿಕೆ. ಮಾಲೀಕರು ಊರಲ್ಲಿರಲಿಲ್ಲ. ತಪಾಸಣೆಯವರ ಕೈ ನೇರ, ನಕಲಿಗೆಂದು ಮಾಸ್ತರರು ಬಿಟ್ಟುಹೋಗಿದ್ದ ಟೇಪುಗಳ ಮೇಲೆಯೇ ಹೋಯಿತು. ಹಳೆಯ ಬ್ಯಾಂಡನ್ನು ಕೇಳಿದರು, ಪಂಕನ್ನು ಕೇಳಿದರು. ಮುಖದಲ್ಲಿ ಏನೂ ತೋರಲಿಲ್ಲ. ಕೂಸಿಗೆ ವಿಮಾನದಲ್ಲಿ ಕಿವಿ ನೋಯುತ್ತದೋ ಏನೋ ಎಂಬಲ್ಲಿಯವರೆಗೆ ನನ್ನ ಮನಸ್ಸು ಹೋಗಿಯಾಗಿತ್ತು.

"ಇವರು ಏನು ಹೇಳುತ್ತಿದ್ದಾರೆ?"

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಎಷ್ಟು ಸಲ ಕೇಳಿದರೂ ತಿಳಿಯಲಿಲ್ಲ ಸಾಹೇಬರೇ ಎಂದೆ. ಅವರು ಹೂಂಗುಟ್ಟಿ, ಪಕ್ಕದ ಮೆಷಿನ್ನಿನ ಗುಂಡಿ ಒತ್ತಿದರು. ಅದರಲ್ಲಿದ್ದದ್ದು ನಾನು ಬೆಳಿಗ್ಗೆ ಹಾಕಿದ್ದ ಕನ್ನಡದ ಕೃಷ್ಣಭಕ್ತಿಯ ಕ್ಯಾಸೆಟ್. ಹಾಡು ಇಂಪಾಗಿ ಹರಿಯಿತು.

"ಇದರ ಅರ್ಥವಾದರೂ ಗೊತ್ತೇ?"

ಹೋದ ಜೀವ ಬಂತು. ಇದು ಚೆನ್ನಾಗಿ ಗೊತ್ತೆಂದು ಭಕ್ತಿಯಿಂದ ವಿವರಿಸತೊಡಗಿದೆ. ಹೊಳೆಯಲ್ಲಿ ಹೆಂಗಸರು ಮೀಯುತ್ತಿದ್ದಾರೆ, ಒಬ್ಬ ಹುಡುಗ ಮೆಲ್ಲಗೆ ಬಂದು ಅವರ ಸೀರೆಗಳನ್ನೆಲ್ಲ ಎತ್ತಿಕೊಂಡು ಮರ ಹತ್ತುತ್ತಾನೆ... ಮರದ ಅರ್ಧಕ್ಕೆ ಬರುವಾಗ ನಾನು ಯಾರೆದುರು ಏನು ಹೇಳುತ್ತಿದ್ದೇನೆಂದು ಹೊಳೆಯಿತು. ಇಳಿಯಲು ದಾರಿ ಕಾಣಲಿಲ್ಲ.

"ಆ ಹುಡುಗನನ್ನು ಪೊಲೀಸರು ಹಿಡಿದರೇ?"

"ಇಲ್ಲ ಸಾಹೇಬರೇ," ಎಂದೆ, "ನಾವು ದಿನಾ ಕೈಮುಗಿಯುತ್ತೇವೆ."

ಅವರು ಕೃಷ್ಣನ ಕ್ಯಾಸೆಟ್ಟನ್ನು ತಾವೇ ಮೆತ್ತಗೆ ತೆಗೆದು ನನ್ನ ಕೈಗಿಟ್ಟು, ಪಂಕನ್ನು ಮತ್ತೆ ಮೆಷಿನ್ನಿಗೆ ಹಾಕಿದರು.

"ಅದನ್ನು ಮನೆಯಲ್ಲಿ ಕೇಳು. ಅಂಗಡಿಯಲ್ಲಿ ಇವರೇ ಇರಲಿ, ಪಾಪ, ಒಳ್ಳೆಯ ಹುಡುಗರು."