ನಿದ್ದೆ ಬರೆಯುವ ಯಂತ್ರಕ್ಕೆ ತಂಗರಾಜನ ಅಹವಾಲು

ಮಾನ್ಯ ಯಂತ್ರ ಮಹಾಶಯರೇ,

ಎಂಟು ಲೇಖನಿಗಳಿಂದ ಒಟ್ಟಿಗೇ ಬರೆಯಬಲ್ಲ, ಆದರೂ ಒಂದಕ್ಷರವೂ ಯಾರಿಗೂ ತಿಳಿಯದಂತೆ ಬರೆಯಬಲ್ಲ ತಮ್ಮ ದಿವ್ಯ ಸನ್ನಿಧಿಗೆ, ತಮಗೆ ಶಾಯಿ ತುಂಬುವ, ಧೂಳು ಒರೆಸುವ, ರೋಗಿಗಳ ತಲೆಗೆ ತಮ್ಮ ತಂತಿಗಳನ್ನು ಅಂಟಿಸುವ ಸೇವಕ ತಂಗರಾಜ್ ಸಲ್ಲಿಸುವ ಸಾಷ್ಟಾಂಗ ನಮಸ್ಕಾರಗಳು. ತೇನಿಯ ಈ ಆಸ್ಪತ್ರೆಯಲ್ಲಿ ನನ್ನನ್ನು ಬಿಟ್ಟರೆ ಕನ್ನಡ ಓದಬಲ್ಲವರು ಯಾರೂ ಇಲ್ಲವೆಂಬ ಧೈರ್ಯದಿಂದಲೇ ಈ ಪತ್ರವನ್ನು ಇಷ್ಟು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಹೋದ ವರ್ಷ, ಅಂದರೆ ಅರವತ್ತಾರರಲ್ಲಿ, ತಾವು ಮದರಾಸಿನಲ್ಲಿ ಹಡಗಿಳಿದು ಲಾರಿಯಲ್ಲಿ ಇಲ್ಲಿಗೆ ದಯಮಾಡಿಸಿದಾಗ, ಮಲಗಿದವನ ಮಿದುಳು ಏನು ಮಾಡುತ್ತಿದೆಯೆಂದು ತಾವು ಕಾಗದದ ಮೇಲೆ ಗೀಚಿ ತೋರಿಸುವಿರೆಂದೂ, ಮೂರ್ಛೆರೋಗವಿದ್ದರೆ ಅದು ಆ ಗೀಟುಗಳಲ್ಲಿ ಸಿಕ್ಕಿಬೀಳುವುದೆಂದೂ ಡಾಕ್ಟರು ವಿವರಿಸಿದರು. ಬಹಳ ಸಂತೋಷ. ಆದರೆ ರೋಗಿಯು ಹಾಡುಹಗಲಲ್ಲಿ, ತಮ್ಮ ಗುಂಯ್‌ಗುಡುವಿಕೆಯನ್ನು ಕೇಳುತ್ತ, ಒಣತಲೆಯಲ್ಲಿ ನಿದ್ದೆ ಮಾಡಬೇಕೆಂಬ ತಮ್ಮ ಷರತ್ತು ನಮ್ಮ ಈ ಕಂಬಂ ಕಣಿವೆಯಲ್ಲಿ ನಡೆಯುವಂಥದ್ದೇ ಎಂದು ಹೊರಡುವ ಮುನ್ನ ಯಾರನ್ನಾದರೂ ವಿಚಾರಿಸಬಹುದಿತ್ತು.

ಓಡೈಪಟ್ಟಿಯ ಅಳಗರನ ವಿಷಯವನ್ನೇ ನೋಡಿ. ಸೋದರಮಾವ ಪಳನಿಸಾಮಿಯವರ ದ್ರಾಕ್ಷಿ ತೋಟಕ್ಕೆ ಎರಡು ವರ್ಷದಿಂದ ಕಾವಲಿದ್ದ ಈ ತರುಣ, ಕಾವಲಿನ ಅಟ್ಟಣೆಯಿಂದ ಒಂದಲ್ಲ ಎರಡು ಸಲ ದೊಪ್ಪನೆ ಕೆಳಗೆ ಬಿದ್ದ. ವಲಿಪ್ಪು, ಅಂದರೆ ಮೂರ್ಛೆರೋಗ, ಎಂದು ಊರು ಆಡಿಕೊಂಡಿತು. ಮಾವನ ಮಗಳು ಸುಬ್ಬುಲಕ್ಷ್ಮಿ ತೊಟ್ಟಿಲಲ್ಲಿದ್ದಾಗಲೇ ಅವನಿಗೆಂದು ಮಾತಾದವಳು. ಮನೆಯಲ್ಲಿ ಕನ್ನಡವಾಡುವ ಇಲ್ಲಿಯ ನಮ್ಮವರಲ್ಲಿ ಅದು ಸೋದರಳಿಯನ ಹಕ್ಕು. ಆದರೂ ಯಂತ್ರದ ಮಾತು ಕೇಳದೆ ಹೆಣ್ಣು ಕೊಡುವುದಿಲ್ಲವೆಂದು ಪಳನಿಸಾಮಿ ಪಟ್ಟು ಹಿಡಿದರು. ಹೀಗೆ ಒಂದು ಮದುವೆ ತಮ್ಮ ಲೇಖನಿಗಳ ತುದಿಗೆ ಬಂದು ಜೋತುಬಿತ್ತು.

ಮೊದಲ ಸಲ ಬಂದಾಗ ಅವನ ತಾಯಿ ರಂಗಮ್ಮಾಳ್, ಊರು ದಾಟುವ ಮಗ ಒಣತಲೆಯಲ್ಲಿ ಹೊರಡಬಾರದೆಂದು, ಅವನ ನೆತ್ತಿಗೆ ಧಾರಾಳವಾಗಿ ಎಳ್ಳೆಣ್ಣೆ ಇಳಿಸಿದ್ದರು. ನಾನು ಸೀಗೆಕಾಯಿ ಹಾಕಿ ಉಜ್ಜಿದಷ್ಟೂ ತಮ್ಮ ತಂತಿಗಳು ಜಾರಿ ಅವನ ಭುಜದ ಮೇಲೆ ಕುಳಿತವು, ತಾವು ಸಿಟ್ಟಿನಿಂದ ಕಾಗದದ ತುಂಬ ಗುಡ್ಡಬೆಟ್ಟ ಬರೆದಿರಿ. ಎಣ್ಣೆಯ ತಲೆಯನ್ನೂ ತಲೆಯೆಂದೇ ಪರಿಗಣಿಸಬೇಕೆಂಬುದು ನನ್ನ ಮೊದಲ ವಿನಂತಿ.

ಎರಡನೇ ಸಲಕ್ಕೆ, ಎಣ್ಣೆ ಬೇಡ, ಹಿಂದಿನ ರಾತ್ರಿ ಅವನನ್ನು ಮಲಗಗೊಡಬೇಡಿ, ಆಗ ಇಲ್ಲಿ ನಿದ್ದೆ ತಾನಾಗಿ ಬರುತ್ತದೆ ಎಂದು ಹೇಳಿ ಕಳಿಸಿದೆ. ಆದರೆ ಕಾಯಿಲೆಯ ಹುಡುಗನೊಬ್ಬನನ್ನೇ ಎಚ್ಚರವಿರಿಸಿ ಉಳಿದವರು ಮಲಗುವಷ್ಟು ಕಲ್ಲುಮನಸ್ಸು ನಮ್ಮ ಜನಕ್ಕಿದೆಯೇ? ಚಿಕ್ಕಪ್ಪಂದಿರು, ಅತ್ತೆಯರು, ಎದುರುಮನೆಯವರು, ಎದುರುಮನೆಗೆ ಬಂದ ನೆಂಟರು ಎಲ್ಲರೂ ಅವನೊಂದಿಗೆ ಒಣಶುಂಠಿಯ ಸುಕ್ಕುಕಾಫಿ ಕುಡಿದು ಜಾಗರಣೆ ಮಾಡಿ, ಬೆಳಿಗ್ಗೆ ವ್ಯಾನು ತುಂಬಿಕೊಂಡು ಬಂದಿಳಿದರು. ಬಂದವರೇ ವರಾಂಡದಲ್ಲಿ, ಬೆಂಚಿನ ಕೆಳಗೆ, ತೂಕದ ಯಂತ್ರಕ್ಕೆ ಒರಗಿ, ಗೊರಕೆ ಹೊಡೆಯತೊಡಗಿದರು. ಅಳಗರ್ ಮಾತ್ರ ತಲೆತುಂಬ ತಂತಿ ಹೊತ್ತು, ತೊಲೆಗಳನ್ನು ದಿಟ್ಟಿಸುತ್ತ ಪಿಳಿಪಿಳಿ ಕಣ್ಣು ಬಿಟ್ಟು ಮಲಗಿದ್ದ. ಒಂದು ವಂಶದ ನಿದ್ದೆಯೆಲ್ಲ ಹೀಗೆ ಬಾಗಿಲಾಚೆ ಪೋಲಾಗುತ್ತಿರುವಾಗ, ಅದರಲ್ಲಿ ಒಂದು ಮುಷ್ಟಿಯನ್ನು ರೋಗಿಯ ಹೆಸರಿಗೆ ವರ್ಗಾಯಿಸಿಕೊಳ್ಳಲು ತಮ್ಮಂಥ ದೊಡ್ಡವರಿಗೆ ಏನು ಕಷ್ಟವಿತ್ತು?

ತಾಯಿಯನ್ನು ಬಿಟ್ಟರೆ ಬಂಧುಗಳಲ್ಲಿ ಎಚ್ಚರವಿದ್ದವರು ಪಳನಿಸಾಮಿ ಒಬ್ಬರೇ. ಅವರು ಬಾಗಿಲಲ್ಲಿ ಕೈಕಟ್ಟಿ ನಿಂತು, ಇವತ್ತು ಇತ್ಯರ್ಥವಾಗದಿದ್ದರೆ ಚಿನ್ನಮನೂರಿನ ಕಡೆ ಬೇರೆ ವರ ನೋಡುವುದಾಗಿ ಹೇಳಿದರು. ಮಲಗಪ್ಪಾ ಎಂದು ನಾನು ಬೇಡಿದೆ, ಡಾಕ್ಟರು ಗದರಿದರು, ಅವನ ಕಣ್ಣುಗಳು ಇನ್ನಷ್ಟು ಅಗಲವಾದವು.

ಆಗ ರಂಗಮ್ಮಾಳ್ ನನ್ನನ್ನು ಪಕ್ಕಕ್ಕೆ ಸರಿಸಿ, ಮಗನ ಕಿವಿಯ ಹತ್ತಿರ ಬಗ್ಗಿದರು. "ಅಳಗರೂ, ಇದು ಆಸ್ಪತ್ರೆ ಅಲ್ಲ ಸಾಮಿ. ಮಾವನ ತೋಟ ಅಂತ ನೆನ್ಸ್ಕೋ. ನೀ ಕಾವ್ಲಿಗೆ ಕುಂತಿದ್ದೀಯ. ಕಣ್ ಮುಚ್ಚಬ್ಯಾಡ."

ಮಹಾಶಯರೇ, ಮಾತು ಮುಗಿಯುವ ಮೊದಲೇ ಅವನ ಬಾಯಿ ತೆರೆದುಕೊಂಡಿತು, ಕುತ್ತಿಗೆ ವಾಲಿತು, ತಮ್ಮ ಎಂಟು ಲೇಖನಿಗಳೂ ಒಮ್ಮೆಗೇ ಅಲೆಅಲೆಯಾಗಿ ಕುಣಿದವು. ನಾನೂ ಕುಣಿದೆ, ಡಾಕ್ಟರು ನೋಡಿದರೆಂದು ನಿಲ್ಲಿಸಿದೆ. ಅವರು ಉದ್ದನೆಯ ಕಾಗದವನ್ನೆಲ್ಲ ಬಿಡಿಸಿ ಓದಿ, ಮೂರ್ಛೆಯ ಗುರುತು ಎಲ್ಲಿಯೂ ಇಲ್ಲ, ಇದು ಶುದ್ಧವಾದ, ಆರೋಗ್ಯಕರವಾದ, ಬಹಳ ಕಾಲದ ಅಭ್ಯಾಸವಿರುವ ನಿದ್ದೆ ಎಂದು ತೀರ್ಪು ಕೊಟ್ಟರು.

ಪಳನಿಸಾಮಿ ಮಲಗಿದ್ದ ಅಳಿಯನನ್ನೂ ಗೋಡೆಯ ಮೇಲಿನ ಗಡಿಯಾರವನ್ನೂ ಸ್ವಲ್ಪ ಹೊತ್ತು ನೋಡಿದರು. ಕಾವಲಿದ್ದೂ ಎರಡು ವರ್ಷ ದ್ರಾಕ್ಷಿ ಕಳುವಾಗಿ ಎಲ್ಲಿಗೆ ಹೋಗುತ್ತಿತ್ತೆಂಬ ಲೆಕ್ಕ ಅವರ ಮುಖದ ಮೇಲೆ ನಡೆಯಿತು. ಆಮೇಲೆ ರಂಗಮ್ಮಾಳ್ ಕಡೆ ತಿರುಗಿದರು. "ವಲಿಪ್ಪು ಇಲ್ಲ ಅಂದ್ರೆ ನಂಗೂ ಸಂತೋಸ ಅಕ್ಕಾ. ಹೆಣ್ ಕೊಡ್ತೀನಿ. ಕಾವ್ಲು ಕೊಡಲ್ಲ."

ಇಷ್ಟಾಗಿ, ಇನ್ನು ಮುಂದೆ ತಾವು ರೋಗಿಗಳನ್ನು ಮಲಗಿರೆಂದು ಕೇಳದೆ, ಅವರವರು ಸಂಬಳಕ್ಕೆ ಯಾವ ಕೆಲಸ ಮಾಡುತ್ತಾರೆಂದು ಮೊದಲು ವಿಚಾರಿಸುವ ಕೃಪೆ ಮಾಡಬೇಕೆಂದು ಕೈಮುಗಿದು ಬೇಡುವ,

ತಮ್ಮ ವಿಶ್ವಾಸಿ,
ತಂಗರಾಜ್

ಮರೆತ ಮಾತು: ಪಳನಿಸಾಮಿಯವರು ಈಗ ಹೊಸ ಕಾವಲುಗಾರನನ್ನು ಹುಡುಕುತ್ತಿದ್ದಾರೆ. ತಾನೂ ಮಲಗದ, ಮಲಗಲು ಬಂದವರನ್ನೂ ಮಲಗಗೊಡದ, ಸದಾ ಗೊಣಗುತ್ತಲೇ ಇರುವ ಯಾರಾದರೂ ಗೊತ್ತೇ ಎಂದು ನನ್ನನ್ನು ಕೇಳಿದರು. ತಮ್ಮ ಹೆಸರು ಹೇಳಿದ್ದೇನೆ.