ಬಸ್ ಸ್ಟ್ಯಾಂಡಿನಲ್ಲಿ ಹುರುಳಿ ಒಕ್ಕಣೆ

ನಡೆದದ್ದು ಇಷ್ಟೇ. ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ನಾನು ಹುರುಳಿ ಹರಡಿದೆ, ಬಸ್ಸು ಅದನ್ನು ತುಳಿಯಿತು. ಅಜ್ಜಿ ಬಸ್ಸಿಗೆ ಅಡ್ಡ ಮಲಗಿದಳು, ಧರಣಿ ಕೂತಳು ಅಂತ ಆಮೇಲೆ ಊರೆಲ್ಲ ಹಬ್ಬಿದ್ದು ಸುಳ್ಳು. ಮಲಗುವುದಕ್ಕೆ ನನಗೇನು ಮನೆಯಿಲ್ಲವೇ? ಮನೆ ಅಲ್ಲೇ ಮೇಲಿದೆ. ಆ ಮನೆಯೇ ಕೈತಪ್ಪಿ ಹೋಗುವುದರಲ್ಲಿತ್ತು ಅನ್ನುವುದು ಮಾತ್ರ ನಿಜ.

ಬಸ್ ಸ್ಟ್ಯಾಂಡಿನ ನೆತ್ತಿಯ ಮೇಲೆ ಸಂಸಾರ ಮಾಡುವ ಕಾಲ ಬರುತ್ತೆ ಅಂತ ಹಿಂದೆ ಯಾರಾದರೂ ಹೇಳಿದ್ದರೆ, ಅವರಿಗೆ ನಿಂಬೆಹಣ್ಣು ನೀವಾಳಿಸಿ ಅಂದುಬಿಡುತ್ತಿದ್ದೆ. ಈಗ ನಾನೇ ಅಂಥ ಕಡೆ ಇದ್ದೇನೆ. ಕೆಳಗೆ ಬಸ್ಸು, ಅದರ ಮೇಲೆ ಅಂಗಡಿಸಾಲು, ಅದರ ಮೇಲೆ ಮನೆಗಳು. ಎಲ್ಲರೂ ಕಾಂಪ್ಲೆಕ್ಸ್ ಅನ್ನುತ್ತಾರೆ. ಮಗಳು ರತ್ನಳ ಹೊಲಿಗೆ ಅಂಗಡಿ ಮಧ್ಯದಲ್ಲಿ, ನಮ್ಮ ಬಾಡಿಗೆ ಮನೆ ಮೇಲೆ. ತನ್ನ ಗಂಡ ತೀರಿಕೊಂಡ ಮೇಲೆ ರತ್ನ ಟಿ. ನರಸೀಪುರದಿಂದ ದಿನಾ ಬಸ್ಸಿನಲ್ಲಿ ನಿಂತುಕೊಂಡು ಇಲ್ಲಿಗೆ ಬರುತ್ತಿದ್ದಳು. ಯಾರದೋ ಅಂಗಡಿಯಲ್ಲಿ ಕೂತು ಹೊಲಿದು, ಕತ್ತಲಾದ ಮೇಲೆ ನಿಂತುಕೊಂಡೇ ವಾಪಸ್ ಹೋಗುತ್ತಿದ್ದಳು. ಅವಳು ಬರುವವರೆಗೆ ನಾನು ಬಾಗಿಲಲ್ಲೇ ಕೂತಿರುತ್ತಿದ್ದೆ. ಈಗ ಕುಕ್ಕರ್ ಕೂಗಿದ್ದು ಅಂಗಡಿಗೇ ಕೇಳುತ್ತೆ, ಮೇಲೆ ಬಂದು ಇಳಿಸಿ ಹೋಗುತ್ತಾಳೆ. ಮೊಮ್ಮಗಳು ಲಿಫ್ಟಿನಿಂದ ಕಾಲು ತೆಗೆದರೆ ಕಾಲೇಜಿನ ಬಸ್ಸು. ನನ್ನ ಮಂಡಿನೋವಿಗೆ ಮೈಸೂರಿನ ಆಸ್ಪತ್ರೆಯೂ ಹಿತ್ತಿಲಿಗೆ ಬಂದ ಹಾಗಾಗಿದೆ.

ಇಷ್ಟಿದ್ದರೂ ನಾನು ಆ ಕಟ್ಟಡವನ್ನು ಬೈಯದ ದಿನವಿಲ್ಲ. ಬೈಯುವುದಕ್ಕೆ ಕಾರಣವೂ ಇತ್ತು. ಲಿಫ್ಟಿನಲ್ಲಿ ನಾಲ್ಕು ಜನ ನಿಂತರೆ ನಾಲ್ಕು ಗೋಡೆ ನೋಡುತ್ತಾರೆ, ಎದುರಿಗಿರುವ ಮುಖ ನೋಡುವುದಿಲ್ಲ. ಇವರೆಲ್ಲ ಜನವಲ್ಲ, ಟಿಕೆಟ್ ತಗೊಂಡು ಕಾಯುತ್ತಿರುವ ಪ್ರಯಾಣಿಕರು ಅಂತ ನಾನು ಯಾವತ್ತೋ ತೀರ್ಮಾನಿಸಿದ್ದೆ. ಇನ್ನು ಬಿಸಿಲು. ಅಷ್ಟು ದೊಡ್ಡ ಕಟ್ಟಡದಲ್ಲಿ ಮೊರದಗಲ ಬಿಸಿಲು ಬೀಳುವ ಜಾಗ ನಮ್ಮ ಪಾಲಿಗಿಲ್ಲ, ತಾರಸಿಗೆ ಬೀಗ. ಅದಕ್ಕೇ ಒಮ್ಮೆ ಕೆಳಗೆ ನಿಂತಿದ್ದ ಕಾರಿನ ಬಾನೆಟ್ಟಿನ ಮೇಲೆ ಸೀರೆ ಹಾಸಿ ಸಂಡಿಗೆ ಇಟ್ಟೆ. ಚೆನ್ನಾಗಿ ಒಣಗುತ್ತಿತ್ತು. ಕಾರಿನವನು ಮಾತ್ರ ಒಣಗುವ ತನಕ ಕಾಯಲಿಲ್ಲ. ಕಟ್ಟಡದ ಕಾರ್ಯದರ್ಶಿ ಬಸವರಾಜಪ್ಪನವರು ರತ್ನಳನ್ನು ಕರೆಸಿ, ನಿಮ್ಮ ತಾಯಿಯ ಮೇಲೆ ಇನ್ನೊಂದು ದೂರು ಬಂದರೆ ಮನೆ ಖಾಲಿ ಮಾಡಬೇಕಾಗುತ್ತೆ ಅಂತ ಮೆತ್ತಗೆ ಹೇಳಿ ಕಳಿಸಿದರು. ಮೆತ್ತಗೆ ಹೇಳುವವರ ಮಾತೇ ಗಟ್ಟಿ.

ಹೀಗಿರುವಾಗ ಹೆಡತಲೆ ಹಳ್ಳಿಯಿಂದ ನನ್ನ ಮೈದುನ ಗೂಡ್ಸ್ ಆಟೋದಲ್ಲಿ ಹುರುಳಿ ಕಳಿಸಿದ. ಕಾಳಲ್ಲ, ಕಿತ್ತು ಒಣಗಿಸಿದ ಗಿಡ, ಕಂತೆ ಕಂತೆ. ಒಕ್ಕಣೆಗೆ ಆಳಿಲ್ಲವಂತೆ. ನಮ್ಮ ಕಡೆ ಈಗ ಕಣ ಮಾಡುವವರು ಯಾರು? ಟಾರು ರಸ್ತೆಯೇ ಕಣ. ಬದನವಾಳಿನ ಕಡೆ ಹೋಗಿ ನೋಡಿ, ಸುಗ್ಗಿಯಲ್ಲಿ ರಸ್ತೆ ಮೇಲೆ ಹುರುಳಿ ಹರಡಿರುತ್ತಾರೆ. ಬಸ್ಸು ಲಾರಿ ತುಳಿದುಕೊಂಡು ಹೋಗುತ್ತವೆ, ಕಾಳು ಬೇರೆ ಹೊಟ್ಟು ಬೇರೆ. ಮಾಡಬಾರದು ಅಂತಾರೆ, ಎಲ್ಲರೂ ಮಾಡುತ್ತಾರೆ. ಆ ಕಂತೆಗಳನ್ನು ಮನೆಯೊಳಗೆ ಇಟ್ಟುಕೊಂಡು ಬಾಲ್ಕನಿಯಿಂದ ಬಗ್ಗಿ ನೋಡಿದೆ. ಬೆಳಗಿನಿಂದ ಸಂಜೆವರೆಗೆ ಅಷ್ಟೊಂದು ಬಸ್ಸು ಬರೀ ನೆಲವನ್ನು ತುಳಿದುಕೊಂಡು ಸುತ್ತುತ್ತಿದ್ದವು. ನನ್ನ ಹೊಟ್ಟೆ ಉರಿಯಿತು.

ಮಾರನೇ ದಿನ ರತ್ನ ಏಳುವ ಮೊದಲೇ ಕಂತೆಗಳನ್ನು ಲಿಫ್ಟಿನಲ್ಲಿ ಇಳಿಸಿ, ಕೊನೆಯ ಪ್ಲಾಟ್‌ಫಾರಂ ಮುಂದೆ ಹದವಾಗಿ ಹರಡಿ, ಬೆಂಚಿನ ಮೇಲೆ ಕೂತೆ. ಮೊದಲು ಬಂದದ್ದು ಹೆಡತಲೆ ಬಸ್ಸು. ಡ್ರೈವರ್ ಮಾದೇಶ ಅದೇ ಊರಿನವನು, ಆದರೆ ಅವತ್ತಿನವರೆಗೆ ನಾನು ಅವನನ್ನು ಮಾತಾಡಿಸಿದವಳಲ್ಲ. ಬಸ್ಸು ನಿಲ್ಲಿಸಿ, ಕಿಟಕಿಯಿಂದ ತಲೆ ಹಾಕಿ ಹುರುಳಿ ನೋಡಿದ, ನನ್ನನ್ನು ನೋಡಿದ. ಆಮೇಲೆ ಬಸ್ಸನ್ನು ಅದರ ಮೇಲೇ ಹತ್ತಿಸಿದ. ಹಿಂದಕ್ಕೆ ತಗೊಂಡು ಮತ್ತೆ ಹತ್ತಿಸಿದ.

"ಮಗುಚಾಕವ್ವ, ಅಡೀದು ಅಂಗೇ ಅದೆ," ಅಂದ.

ಮಗುಚಿ ಹಾಕಿದೆ. ಹಿಂದಿನ ಬಸ್ಸೂ ತುಳಿಯಿತು. ಇಳಿದ ಜನ ಸುತ್ತ ನಿಂತು ಬುದ್ಧಿ ಹೇಳಿದರು. ಅಷ್ಟರಲ್ಲಿ ಧೂಳೆದ್ದು ಮೇಲಿನ ಸೀರೆ ಅಂಗಡಿಗೆ ನುಗ್ಗಿತು, ಅಂಗಡಿಯವನು ಫೋನ್ ಮಾಡಿದ, ಬಸವರಾಜಪ್ಪನವರು ಬಂದರು. ಅಲ್ಲಿಗೆ ಓಡಿಬಂದಿದ್ದ ರತ್ನಳಿಗೆ, ಸಾಯಂಕಾಲ ಮನೆ ವಿಷಯ ಮಾತಾಡೋಣ ಅಂದು ಹೋದರು. ರತ್ನ ನನ್ನ ಕಡೆ ತಿರುಗಿದಳು.

"ಅವ್ವ, ಮತ್ತೆ ನಿಂತ್ಕೊಂಡೇ ಓಡಾಡೋ ಅಂಗೆ ಮಾಡ್ಬುಟ್ಟಲ್ಲ ನನ್ನ," ಅಂದಳು. ನಾನು ಕಡ್ಡಿ ಬಾಚುವುದಕ್ಕೆ ಬಗ್ಗಹೋದೆ, ಮಂಡಿ ಬಗ್ಗಲಿಲ್ಲ.

ಆಗ ಹೂ ಮಾರುವ ಗೌರಮ್ಮ ಬುಟ್ಟಿ ಬದಿಗಿಟ್ಟು ಪೊರಕೆ ತಂದಳು. ಕಂಡಕ್ಟರುಗಳು ಕಡ್ಡಿ ಒಟ್ಟಿದರು. ತೂರುವುದಕ್ಕೆ ಗಾಳಿಯಿಲ್ಲ ಅಂದಾಗ ಬೇಕರಿ ಸುರೇಶ ತನ್ನ ದೊಡ್ಡ ಫ್ಯಾನನ್ನೇ ಹೊರಗೆ ತಂದು ಹಚ್ಚಿದ. ನನ್ನ ಜನ್ಮದಲ್ಲಿ ಕರೆಂಟ್ ಗಾಳಿಗೆ ಹುರುಳಿ ತೂರಿದ್ದು ಅದೇ ಮೊದಲು. ಲಿಫ್ಟಿನಲ್ಲಿ ಗೋಡೆ ನೋಡುತ್ತಿದ್ದ ಒಬ್ಬ ಹೆಂಗಸು ಚೂಡಿದಾರದ ವೇಲ್ ಸೊಂಟಕ್ಕೆ ಕಟ್ಟಿ, ನಮ್ಮಜ್ಜಿ ಮೊರವನ್ನು ಹೀಗಲ್ಲ ಹಾಗೆ ಹಿಡೀತಿದ್ದರು ಅಂತ ನನಗೇ ಹೇಳಿಕೊಟ್ಟಳು. ಅವಳು ಹಿಡಿದದ್ದು ತಪ್ಪು. ಆದರೂ ಅವಳು ಹೇಳಿದ ಹಾಗೇ ಹಿಡಿದೆ.

ಸಾಯಂಕಾಲ ಬಸವರಾಜಪ್ಪನವರು ಮನೆಗೇ ಬಂದರು. ರತ್ನ ಬಾಗಿಲ ಹಿಂದೆ ನಿಂತಳು. ಅವರು ಕುರ್ಚಿಯಲ್ಲಿ ಕೂತು ತಲೆ ಕೆರೆದುಕೊಂಡರು. ಬೆಳಗಿನಿಂದ ಅವರ ಆಫೀಸಿಗೆ ಒಬ್ಬರ ಹಿಂದೆ ಒಬ್ಬರು ಹೋಗಿದ್ದರಂತೆ. ತುಳಿಸಿದ್ದು ನಾನು ಅಂತ ಮಾದೇಶ, ಧೂಳೆಬ್ಬಿಸಿದ್ದು ನನ್ನ ಫ್ಯಾನು ಅಂತ ಸುರೇಶ, ಗುಡಿಸಿದ್ದು ನಾನು ಅಂತ ಗೌರಮ್ಮ. ಆ ಲಿಫ್ಟಿನ ಹೆಂಗಸೂ ಹೋಗಿದ್ದಳಂತೆ. ಅವಳ ಹೆಸರು ನನಗೆ ಇನ್ನೂ ಗೊತ್ತಿರಲಿಲ್ಲ.

"ಯಾರನ್ನ ಅಂತ ಖಾಲಿ ಮಾಡಿಸ್ಲಿ ತಾಯಿ? ಇಡೀ ಬಸ್ ಸ್ಟ್ಯಾಂಡೇ ಖಾಲಿ ಮಾಡಿಸಬೇಕಾಗುತ್ತೆ. ನೀವೊಂದು ಮಾತು ಕೊಡಿ. ಇನ್ಮೇಲೆ ಮನೆಯಿಂದ ಏನನ್ನೂ ಕೆಳಗೆ ತರಬೇಡಿ, ಸಾಕು," ಅಂದರು.

ಕೊಟ್ಟೆ. ರತ್ನ ಒಳಗೆ ಹೋಗಿ ಮುಖ ತೊಳೆದುಕೊಂಡಳು. ನಾನು ಬಾಲ್ಕನಿಯಲ್ಲಿ ಕೂತೆ. ಪ್ರಯಾಣಿಕರು ಅಂದುಕೊಂಡಿದ್ದವರು ನನ್ನ ಸಾಮಾನು ಹೊತ್ತಿದ್ದರು, ನಾನು ಮಾತ್ರ ಇಷ್ಟು ದಿನ ಸೀಟು ಹಿಡಿದು ಮುಖ ತಿರುಗಿಸಿಕೊಂಡು ಕೂತಿದ್ದೆ. ಆ ಜನಕ್ಕೆ ನಾನು ಋಣಿ. ಬೈದದ್ದನ್ನು ವಾಪಸ್ ತಗೊಂಡಿದ್ದೇನೆ, ತಾರಸಿಯ ಬೀಗದ ವಿಷಯವೊಂದು ಬಿಟ್ಟು.

ಮಾರನೇ ಬೆಳಿಗ್ಗೆ ಎದ್ದು ಅದೇ ಹುರುಳಿಯನ್ನು ಬೇಯಿಸಿ, ಕಾಯಿ ತುರಿದು, ಒಗ್ಗರಣೆ ಕೊಟ್ಟು, ದೊಡ್ಡ ಪಾತ್ರೆ ತುಂಬ ಗುಗ್ಗರಿ ಮಾಡಿದೆ. ಕೊಟ್ಟ ಮಾತನ್ನು ಮನೆಯಲ್ಲೇ ಬಿಟ್ಟು, ಪಾತ್ರೆಯನ್ನು ಲಿಫ್ಟಿನಲ್ಲಿ ಕೆಳಗೆ ತಂದು ಎಲ್ಲರಿಗೂ ಎಲೆಯಲ್ಲಿ ಹಾಕಿಕೊಟ್ಟೆ. ಬಸವರಾಜಪ್ಪನವರೂ ಬಂದರು, ಪಾತ್ರೆ ನೋಡಿ ನಿಟ್ಟುಸಿರು ಬಿಟ್ಟರು, ಕೈಯೊಡ್ಡಿದರು. ಎರಡನೇ ತುತ್ತಿಗೆ ಅವರ ಬಾಯಲ್ಲಿ ಕಟುಂ ಅಂತ ಬಸ್ ಸ್ಟ್ಯಾಂಡಿನ ಕಲ್ಲು ಸಿಕ್ಕಿತು. ಅವರು ನನ್ನ ಮುಖ ನೋಡಿದರು. ನಾನು ಎದುರಿಗೆ ನಿಂತಿದ್ದ ಹೆಡತಲೆ ಬಸ್ಸಿನ ಮುಖ ನೋಡಿದೆ.