ಕಂಪ್ಯೂಟರ್ ಒಳಗೆ ಹಾಕಿದ ಟವೆಲ್

ನಮ್ಮ ಶಿಕಾರಿಪುರದಲ್ಲಿ ಏನು ಕೆಟ್ಟರೂ ಯಾಕೆ ಕೆಡ್ತು ಅಂತ ಯಾರೂ ಕೇಳಲ್ಲ, ಯಾರು ಮುಟ್ಟಿದ್ರು ಅಂತ ಕೇಳ್ತಾರೆ. ಪಂಪ್‌ಸೆಟ್ ಇರಲಿ, ಮಿಕ್ಸಿ ಇರಲಿ, ಇದೇ ಪ್ರಶ್ನೆ. ಈಗ ಕಂಪ್ಯೂಟರ್ ಬಂದಿದೆ, ಪ್ರಶ್ನೆ ಮಾತ್ರ ಹಳೇದೇ. ನಾನು ಮಾತು ಕಮ್ಮಿ, ಮೂಲೇಲಿ ಪುಸ್ತಕ ಹಿಡ್ಕೊಂಡು ಕೂರೋಳು. ಹಂಗಾಗಿ ಇದನ್ನ ಇಲ್ಲಿತನಕ ಯಾರ ಹತ್ರಾನೂ ಹೇಳಿಲ್ಲ. ಇನ್ನು ಒಳಗಿಟ್ಕೊಳ್ಳೋಕೆ ಆಗಲ್ಲ.

೧. ಒನ್, ಟೂ, ಎಂಟರ್

ಬಸ್ ಸ್ಟ್ಯಾಂಡ್ ಹತ್ರ ಬಟ್ಟೆ ಅಂಗಡಿ ಮಹಡಿ ಮೇಲೆ ನಮ್ಮ ಕಂಪ್ಯೂಟರ್ ಸೆಂಟರ್. ನಾನು ಹೋಗಿ ಮುಟ್ಟಬಹುದಾದ ಕಂಪ್ಯೂಟರ್ ಊರಿಗೆಲ್ಲ ಅದೊಂದೇ. ಮೇಜಿನ ಕೆಳಗೆ ಒಂದು ದೊಡ್ಡ ಡಬ್ಬ, ಆ ಒಂದಕ್ಕೇ ನಾಲ್ಕು ಪರದೆ, ನಾಲ್ಕು ಕೀಬೋರ್ಡ್. ನಡೆಸೋ ಸರ್ ಮೊದಲು ಹೈಸ್ಕೂಲಲ್ಲಿ ಡ್ರಿಲ್ ಹೇಳ್ಕೊಡ್ತಿದ್ರು. ಆಮೇಲೆ ದಾವಣಗೆರೇಲಿ ಏನೋ ಸಣ್ಣ ಕೋರ್ಸ್ ಮುಗಿಸ್ಕೊಂಡು ಬಂದ್ರು. ಡ್ರಿಲ್ ಮಾತ್ರ ಮರೆತಿರಲಿಲ್ಲ.

ನಾಲ್ಕು ಜನ ಒಟ್ಟಿಗೆ ಕೂರೋ ಹಂಗೆ ಮಾಡೋ ಆಪರೇಟಿಂಗ್ ಸಿಸ್ಟಮ್ ಒಂದು ಪತ್ರಿಕೆ ಜೊತೆ ಸಿಡೀಲಿ ಪುಕ್ಕಟೆ ಬಂದಿತ್ತು. ಅದನ್ನ ಓದಿ, ತಿಳ್ಕೊಂಡು, ಹಾಕಿದೋಳು ನಾನು. ಮಾರನೇ ದಿನ ಬೋರ್ಡ್ ಮೇಲೆ "ನಮ್ಮ ಸರ್ ಅಳವಡಿಸಿದ ಹೊಸ ತಂತ್ರಜ್ಞಾನ" ಅಂತ ಇತ್ತು. ಬರೆದೋರೂ ಸರ್ರೇ.

ಪಾಠ ಹೆಂಗೆ ಅಂದ್ರೆ, ಎಲ್ಲರೂ ಒಂದೇ ಜಾಗದಲ್ಲಿ ಒಂದೇ ಹೆಸರಿನ ಫೈಲ್ ಮಾಡಬೇಕು, ಎಲ್ಲರೂ ಒಟ್ಟಿಗೆ ಒತ್ತಬೇಕು. ಸರ್ ಹಿಂದೆ ನಿಂತು "ಒನ್, ಟೂ, ಎಂಟರ್" ಅಂತಿದ್ರು. ಮೊದಲು ಒತ್ತಿದೋರಿಗೆ ಫೈಲ್ ಆಗುತ್ತೆ, ಉಳಿದೋರಿಗೆ "ಈ ಹೆಸರು ಆಗಲೇ ಇದೆ" ಅಂತ ಬರುತ್ತೆ. ಅದು ಬರಲೇಬೇಕು. ಸರ್ ಮಾತ್ರ ಅವರಿಗೆ "ಸ್ಪೀಡ್ ಸಾಲ್ದು" ಅಂತ ಬೈತಿದ್ರು.

ಒಂದಿನ ಇಬ್ಬರಿಗೆ ಒಂದೇ ಹೆಸರಿನ ಎರಡು ಫೈಲ್ ಆಗಿಬಿಡ್ತು. ಒಂದನ್ನ ಅಳಿಸಿದ್ರೆ ಇನ್ನೊಂದು ಹಂಗೇ ಕೂತಿರುತ್ತೆ. ಅದನ್ನ ತೆರೆಯೋಕೆ ಹೋದ್ರೆ ನಾಲ್ಕೂ ಪರದೆ ಗಪ್‌ಚಿಪ್.

"ಇದನ್ನ ಹಾಕಿದ್ದು ಯಾರು?" ಅಂದ್ರು ಸರ್.

ನಾನು ಬೋರ್ಡ್ ಕಡೆ ನೋಡಿದೆ. ಅವರೂ ನೋಡಿದ್ರು.

"ಪ್ರಾಕ್ಟಿಕಲ್ ಪರೀಕ್ಷೆ ಒಳಗೆ ಸರಿ ಮಾಡಮ್ಮ. ಇಲ್ಲ ಅಂದ್ರೆ ಇನ್ಮೇಲೆ ಈ ಮೆಟ್ಲು ಹತ್ತಬೇಡ."

ಮಧ್ಯಾಹ್ನ ಬರೋ ಹೊತ್ತಿಗೆ ಬೋರ್ಡಲ್ಲಿ ನನ್ನ ಹೆಸರಿತ್ತು.

೨. ಉಪ್ಪು ನೀರು

ನಾನು ಸರಿ ಮಾಡ್ತೀನಿ ಅನ್ನೋ ನಂಬಿಕೆ ಸರ್‌ಗೆ ಇರಲಿಲ್ಲ. ಟಿವಿ ರಿಪೇರಿಯವರನ್ನ ಕರೆಸಿದ್ರು. ಅವರು ಡಬ್ಬಕ್ಕೆ ಎರಡು ಸಲ ತಟ್ಟಿ, ಕಿವಿ ಇಟ್ಟು ಕೇಳಿದ್ರು.

"ಅರ್ತಿಂಗ್ ಒಣಗೈತೆ ಸಾರ್."

"ಅದಕ್ಕೇ ಎರಡೆರಡು ಕಾಣ್ತಿದೆಯಾ?"

"ಮತ್ತಿನ್ನೇನು? ಟಿವೀಲೂ ಹಿಂಗೇ. ಒಬ್ಬರ ಹಿಂದೆ ಇನ್ನೊಬ್ಬರು ನಿಂತಂಗೆ ಕಾಣಲ್ವಾ?"

ಇಬ್ಬರು ಓದಿದ ಗಂಡಸರು ಇದನ್ನ ಗಂಭೀರವಾಗಿ ಮಾತಾಡ್ಕೊಂಡ್ರು. ಆಮೇಲೆ ಹಿತ್ತಲಲ್ಲಿ ಅರ್ತಿಂಗ್ ಗುಂಡಿಗೆ ಕಲ್ಲುಪ್ಪು ಸುರಿದು, ಕೊಡಗಟ್ಟಲೆ ನೀರು ಹೊಯ್ಸಿದ್ರು. ಹೊತ್ತಿದ್ದು ನಾವು, ವಿದ್ಯಾರ್ಥಿಗಳು. ಕಂಪ್ಯೂಟರ್ ಮತ್ತೆ ಎರಡೇ ತೋರಿಸ್ತು. ಗುಂಡಿ ಪಕ್ಕದ ತೆಂಗಿನ ಮರಕ್ಕೆ ಮಾತ್ರ ಆ ಸಲ ಭರ್ತಿ ಕಾಯಿ.

೩. ಸೊರಬದ ಬಸ್ಸು

ಶನಿವಾರ ಸೊರಬದಲ್ಲಿರೋ ಅಜ್ಜಿ ಮನೆಗೆ ಹೊರಟೆ. ಬಸ್ಸಲ್ಲಿ ಸೀಟು ಹಿಡಿಯೋ ಪದ್ಧತಿ ಗೊತ್ತಲ್ಲ, ಕಿಟಕಿಯಿಂದ ಟವೆಲ್ ಹಾಕೋದು. ಟವೆಲ್ ಬಿದ್ದ ಸೀಟು ಅವರದ್ದು.

ಒಬ್ಬ ಯಜಮಾನ್ರು ಕಿಟಕೀಲಿ ಇಣುಕಿ, ಖಾಲಿ ಸೀಟು ನೋಡ್ಕೊಂಡು, ಹೆಗಲ ಮೇಲಿನ ಟವೆಲ್ ತೆಗೆಯೋಕೆ ಹೊರಟ್ರು. ಕೈಲಿ ಚೀಲ ಇತ್ತು. ಅದನ್ನ ಕೆಳಗಿಡೋಕೆ ಒಣ ಜಾಗ ಹುಡುಕಿದ್ರು. ಅಷ್ಟರಲ್ಲಿ ಬಾಗಿಲ ಕಡೆಯಿಂದ ಕ್ಯಾಸನೂರಿನ ಅಕ್ಕ ಒಬ್ಬರು ಮಗು ಎತ್ಕೊಂಡು ಬಂದು ಕೂತೇಬಿಟ್ರು. ಯಜಮಾನ್ರು ಇನ್ನೊಂದ್ಸಲ ನೋಡೋ ಗೋಜಿಗೇ ಹೋಗದೆ ಟವೆಲ್ ಎಸೆದ್ರು.

"ನಾ ನೋಡ್ದಾಗ ಖಾಲಿ ಇತ್ರಿ."

"ನಾ ಕೂರೋವಾಗ್ಲೂ ಖಾಲಿನೇ ಇತ್ತು ಕಣ್ರಿ. ನಿಮ್ಮ ಟವೆಲ್ ನನ್ನ ಮಡಿಲಿಗೆ ಬಿತ್ತು, ಎತ್ಕೊಳ್ರಿ."

"ಅದು ಸೀಟಿಗೆ ಹಾಕಿದ್ದು."

"ಸೀಟು ನನ್ನ ಕೆಳಗೈತೆ. ಬೇಕಾದ್ರೆ ಬಗ್ಗಿ ಹಾಕಿ."

ಕಂಡಕ್ಟರ್ ಬಂದು ಪಂಚಾಯ್ತಿ ಮಾಡಿದ್ರು. "ಇಬ್ಬರೂ ಹೇಳೋದು ಸರಿ. ಇಬ್ಬರೂ ಟಿಕೆಟ್ ತಗೊಳ್ಳಿ."

ಪಕ್ಕದ ಸೀಟಲ್ಲಿದ್ದ ನನಗೆ ಥಟ್ಟನೆ ಹೊಳೀತು. ನಮ್ಮ ಕಂಪ್ಯೂಟರಲ್ಲೂ ಇಬ್ಬರೂ ಸರಿ. ಆಪರೇಟಿಂಗ್ ಸಿಸ್ಟಮ್ಮಿನ ಒಳಗಿನ ತಿರುಳಿಗೆ ಕರ್ನಲ್ ಅಂತಾರೆ. ಫೈಲ್ ಮಾಡೋ ಮುಂಚೆ ಅದು ಈ ಹೆಸರು ಇದೆಯಾ ಅಂತ ನೋಡುತ್ತೆ. ಇಲ್ಲ ಅಂತ ಗೊತ್ತಾದ ಮೇಲೆ ಡಿಸ್ಕ್‌ಗೋಸ್ಕರ ಒಂದು ಗಳಿಗೆ ಕಾಯುತ್ತೆ, ಯಜಮಾನ್ರು ಚೀಲ ಇಡೋಕೆ ಜಾಗ ಹುಡುಕಿದಂಗೆ. ಆ ಗಳಿಗೇಲಿ ಇನ್ನೊಬ್ಬರ ಕೆಲಸ ಬಂದು ಅದೂ ಹೆಸರು ಇಲ್ಲ ಅಂತ ನೋಡ್ಕೊಳ್ಳುತ್ತೆ. ಆಮೇಲೆ ಎರಡೂ ಬರೀತವೆ. ಇದಕ್ಕೆ ಪುಸ್ತಕದಲ್ಲಿ ರೇಸ್ ಕಂಡಿಷನ್ ಅಂತಾರೆ. ಪರಿಹಾರ ಇಷ್ಟೇ: ಮೊದಲು ಟವೆಲ್, ಆಮೇಲೆ ನೋಡೋದು.

ಇದನ್ನ ಯಜಮಾನ್ರಿಗೂ ಹೇಳಬೇಕು ಅನ್ನಿಸ್ತು, ಬಾಯಿ ಬರಲಿಲ್ಲ. ಶಿರಾಳಕೊಪ್ಪ ಬರೋ ಹೊತ್ತಿಗೆ ಅವರು ಕಂಬಿ ಹಿಡ್ಕೊಂಡು ನಿಂತಿದ್ರು. ಅಕ್ಕ ಅದೇ ಟವೆಲಲ್ಲಿ ಮಗೂ ಮೂಗು ಒರೆಸ್ತಿದ್ರು.

೪. ಟವೆಲ್ ಹಾಕಿ ಟೀಗೆ ಹೋದವನು

ಸೋಮವಾರ ಕರ್ನಲ್ ಕೋಡ್ ತೆಗೆದು ನೋಡಿದೆ. ಸಿಡೀಲೇ ಇತ್ತು, ನಮ್ಮ ಸೆಂಟರಲ್ಲಿ ಯಾರಿಗೂ ಓದೋ ಕಷ್ಟ ಬಂದಿರಲಿಲ್ಲ. ಅಂದ್ಕೊಂಡಿದ್ದೇ ಸರಿ. ಬೇರೆಯವರನ್ನ ತಡೆಯೋ ಸಾಲು, ಅಂದ್ರೆ ಟವೆಲ್, ಹೆಸರು ನೋಡೋ ಸಾಲಿನ ಕೆಳಗಿತ್ತು. ಮೇಲಕ್ಕೆ ತಂದೆ. ಕರ್ನಲ್ ಪೂರ್ತಿ ಮತ್ತೆ ತಯಾರಾಗೋಕೆ ಬೆಳಗಿಂದ ಸಂಜೆ ಬೇಕಾಯ್ತು. ನಡುವೆ ಕರೆಂಟು ಹೋಗಿ ಮೊದಲಿಂದ ಶುರು.

"ಒಂದು ಸಾಲು ಮೇಲಕ್ಕೆ ಹಾಕೋಕೆ ಇಷ್ಟೊತ್ತಾ?" ಅಂದ್ರು ಸರ್. ಅವರಿಗೆ ಸಾಲು ಅಂದ್ರೆ ಮಕ್ಕಳನ್ನ ನಿಲ್ಲಿಸೋದು.

ಒತ್ತಿ ನೋಡಿದ್ವಿ. ಒನ್, ಟೂ, ಎಂಟರ್. ಒಬ್ಬರಿಗೆ ಫೈಲ್ ಆಯ್ತು. ಇನ್ನೊಬ್ಬರಿಗೆ "ಈ ಹೆಸರು ಆಗಲೇ ಇದೆ" ಅಂತ ಬಂತು. ಮೂರನೆಯವರು ಕಾಯ್ತಾನೇ ಕೂತ್ರು, ಅವರ ಹಿಂದೆ ನಾಲ್ಕನೆಯವರೂ.

"ಏನಾಯ್ತೇ?" ಅಂದ್ಲು ಕುಪ್ಪಗಡ್ಡೆಯಿಂದ ಬರೋ ಗೆಳತಿ.

"ಹೆಸರು ಆಗಲೇ ಇದೆ ಅಂದಾಗ ವಾಪಸ್ ಹೋಗೋ ದಾರೀಲಿ ಟವೆಲ್ ತೆಗೆಯೋದು ಮರ್ತಿದೀನಿ. ಟವೆಲ್ ಹಾಕಿ ಟೀಗೆ ಹೋದವನು ಬರಲೇ ಇಲ್ಲ ಅನ್ಕೋ. ಸೀಟು ಖಾಲಿ, ಕೂರೋ ಹಂಗಿಲ್ಲ."

ತೆಗೆಯೋ ಸಾಲನ್ನ ಅಲ್ಲೂ ಸೇರಿಸಿದೆ. ಮಾರನೇ ದಿನ ಎಷ್ಟು ಸಲ ಒತ್ತಿದ್ರೂ ಒಂದೇ ಫೈಲ್. ನಮ್ಮ ಟವೆಲ್ ಮಾತೆಲ್ಲ ಸರ್ ಬಾಗಿಲ ಹತ್ರ ನಿಂತು ಕೇಳಿಸ್ಕೊಂಡಿದ್ರು, ಗೊತ್ತಾಯ್ತು ಅನ್ನೋ ಹಂಗೆ ತಲೆ ಆಡಿಸಿದ್ರು. ಅವರು ತಲೆ ಆಡಿಸಿದಾಗ್ಲೇ ನಾನು ಹೆದರಬೇಕಿತ್ತು.

೫. ಪರೀಕ್ಷೆ

ಶಿವಮೊಗ್ಗದಿಂದ ಪರೀಕ್ಷಕರು ಬಂದ್ರು. ನಾವು ಒಳಗೆ ಹೋಗಿ ನೋಡ್ತೀವಿ, ನಾಲ್ಕೂ ಪರದೆ ಮೇಲೆ ಹೊಸ ಬಿಳಿ ಟವೆಲ್. ಕೆಳಗಿನ ದೊಡ್ಡ ಡಬ್ಬಕ್ಕೆ ಮದುಮಗಳಿಗೆ ಹೊದಿಸಿದಂಗೆ ಸುತ್ತಾ ಇನ್ನೊಂದು.

"ಏನ್ರೀ ಇದು?" ಅಂದ್ರು ಪರೀಕ್ಷಕರು.

"ಮೊದಲೇ ಟವೆಲ್ ಹಾಕಿಬಿಟ್ರೆ ತೊಂದ್ರೆ ಬರಲ್ಲ ಸಾರ್. ನಾವೇ ಕಂಡುಹಿಡಿದಿದ್ದು."

ಪರೀಕ್ಷಕರು ಪರದೆ ಮೇಲಿದ್ದನ್ನ ತೆಗೆಸಿದ್ರು. ಡಬ್ಬದ್ದು ಮೇಜಿನ ಕೆಳಗೆ ಹಂಗೇ ಉಳೀತು. ಅರ್ಧ ಪರೀಕ್ಷೇಲಿ ಗಾಳಿ ಆಡದೆ ಡಬ್ಬ ಕೆಂಡದಂಗೆ ಕಾದು, ನಾಲ್ಕೂ ಪರದೆ ನಿಂತೋಯ್ತು.

"ಒಳಗಿನ ಕೋಡ್ ಮುಟ್ಟಿದೋಳು ಇವಳು ಸಾರ್," ಅಂತ ಸರ್ ನನ್ನ ಕಡೆ ಬೆರಳು ತೋರಿಸಿದ್ರು.

ಪರೀಕ್ಷಕರು ಬಗ್ಗಿ ಟವೆಲ್ ಎಳೆದ್ರು. ಬಿಸಿ ಇಡ್ಲಿ ಪಾತ್ರೆ ಮುಚ್ಚಳ ತೆಗೆದಂಗಾಯ್ತು. "ಇದು ನಿನ್ನದೇನಮ್ಮಾ?"

ಈ ಸಲ ಬಾಯಿ ಬಂತು. "ಅಲ್ಲ ಸಾರ್. ನಾನು ಹಾಕಿದ್ದು ಒಳಗಿದೆ, ಅದು ಕಾಣಲ್ಲ."

ಅವರು ಕೋಡ್ ತೋರಿಸು ಅಂದ್ರು. ತಣ್ಣಗಾದ ಮೇಲೆ ತೋರಿಸಿದೆ, ಬಸ್ಸಿನ ಕಥೇನೂ ಹೇಳಿದೆ. ನಕ್ಕು, "ಸರಿಯಾಗೇ ಹಾಕಿದೀಯ" ಅಂದ್ರು. ಪರೀಕ್ಷೆ ಮುಗೀತು, ಅಲ್ಲಿಗೆ ನಮ್ಮ ಕೋರ್ಸೂ. ಸಂಜೆ ಚಪ್ಪಲಿ ಹಾಕ್ಕೊಳ್ತಿದ್ದೆ, ಒಳಗಿಂದ ಸರ್ ಕರೆದ್ರು. ಹೋದ್ರೆ ಡಬ್ಬದ ಮುಚ್ಚಳ ಬಿಚ್ಚಿ, ಸ್ಕ್ರೂಡ್ರೈವರ್ ಹಿಡ್ಕೊಂಡು, ಟಾರ್ಚ್ ಬಿಟ್ಟು ನೋಡ್ತಿದ್ರು.

"ಟವೆಲ್ ಎಲ್ಲಿ ಇಟ್ಟಿದೀಯಮ್ಮಾ? ಅದೂ ಬಿಸಿಯಾಗಿ ಬೆಂಕಿಗಿಂಕಿ ಹತ್ತೀತು. ತೆಗೆದುಬಿಡು."

"ಒಂದೇ ದಿನಕ್ಕೆ ತೆಗೆಯೋಕೆ ಆಗಲ್ಲ ಸಾರ್."

"ಹಂಗಾದ್ರೆ ದಿನಾ ಬಾ."

ದಿನಾ ಹೋಗ್ತಿದೀನಿ. "ಎಷ್ಟು ಬಂತಮ್ಮಾ?" ಅಂತ ಬಗ್ಗಿ ಕೇಳ್ತಾರೆ. ಉದ್ದ ಇದೆ ಸಾರ್, ಅಂತೀನಿ.